ಜೆಫ್ರೀಸ್ ಸ್ಕೂಲ್ ಶೂಟಿಂಗ್, 2007: ಕೊಂದವ್ರು ಯಾರು ಅಂತ ಇವತ್ತಿಗೂ ಇಲ್ವಾ?

ಚೇತನ್_ಕಡೂರು
ನಮಸ್ಕಾರ ಎಲ್ರಿಗೂ. ನಾನು ಟೊರೊಂಟೊದಲ್ಲಿ ನಾರ್ತ್ ಯಾರ್ಕ್ ಕಡೆ ಊಬರ್ ಓಡ್ಸ್ತೀನಿ. ಮೊನ್ನೆ ಸೆಂಟಿನೆಲ್ ರೋಡಲ್ಲಿ ಹೋಗ್ತಾ ಹಿಂದೆ ಕೂತಿದ್ದ ಜಮೈಕಾ ಕಡೆಯ ಅಜ್ಜಿ ಒಬ್ರು ಸಿ.ಡಬ್ಲ್ಯು. ಜೆಫ್ರೀಸ್ ಹೈಸ್ಕೂಲ್ ತೋರ್ಸಿ ಜೋರ್ಡನ್ ಹೋಗಿದ್ದು ಇಲ್ಲೇ, ಯಾರಿಗೂ ಶಿಕ್ಷೆ ಆಗ್ಲಿಲ್ಲ ಅಂದ್ರು. ಮನೆಗೆ ಬಂದು ಹುಡುಕಿದೆ. ಜೋರ್ಡನ್ ಮ್ಯಾನರ್ಸ್, 15 ವರ್ಷ, 2007ರ ಮೇ 23ರ ಮಧ್ಯಾಹ್ನ ಸ್ಕೂಲ್ ಒಳಗೇ ಎದೆಗೆ ಗುಂಡು ಬಿದ್ದು ಸತ್ತ. 17 ವರ್ಷದ ಇಬ್ರು ಹುಡುಗ್ರನ್ನ ಅರೆಸ್ಟ್ ಮಾಡಿದ್ರು, ಫಸ್ಟ್ ಡಿಗ್ರಿ ಮರ್ಡರ್ ಕೇಸು, ಮೊದಲನೇ ಟ್ರಯಲ್ ಮಿಸ್‌ಟ್ರಯಲ್ ಆಯ್ತು (ತೀರ್ಪಿಲ್ಲದೇ ರದ್ದು), ಎರಡನೇ ಸಲ 2011ರ ಮೇನಲ್ಲಿ ಜ್ಯೂರಿ ಇಬ್ರನ್ನೂ ಬಿಟ್ಟುಬಿಡ್ತು. ಅಲ್ಲಿಗೆ ನಿಂತುಹೋಯ್ತು.

ನನಗೆ ಅರ್ಥ ಆಗದೇ ಇರೋದು ಏನಂದ್ರೆ ಹಾಡಹಗಲು, ಬಿಲ್ಡಿಂಗ್ ತುಂಬ ಮಕ್ಕಳು, ಟೀಚರ್‌ಗಳು, ಒಬ್ರಿಗೂ ಗೊತ್ತಿಲ್ಲ ಅಂದ್ರೆ ಹೇಗೆ? ಇದನ್ನ ಅನ್‌ಸಾಲ್ವ್ಡ್ ಅಂತಾರಾ, ಸಾಲ್ವ್ ಆಗಿದೆ ಅಂತಾರಾ? ಮಗಳು ಮುಂದಿನ ವರ್ಷ ಗ್ರೇಡ್ 9, ಅದಕ್ಕೇ ತಲೆ ಕೆಟ್ಟಿದೆ. ಹಳಬ್ರು ಯಾರಾದ್ರೂ ಇದ್ರೆ ಹೇಳಿ.

ಮಂಡ್ಯಹೈದ
ಅಣ್ಣ ಆ ಸ್ಕೂಲ್ ಇರೋ ಏರಿಯಾನೇ ಜೇನ್ ಅಂಡ್ ಫಿಂಚ್, ಗ್ಯಾಂಗ್‌ಗಳಿಗೆ ಹೆಸರಾಗಿರೋದು, ಇನ್ನೇನು ಹೇಳೋದು. ಬಾಯಿ ಬಿಟ್ರೆ ಮುಂದಿನ ಸರದಿ ನಿಂದೇ. ನಾನು ಯಾರ್ಕ್ ಯೂನಿವರ್ಸಿಟಿಲಿ ಓದ್ತಾ ಇದೀನಿ, ಆ ಸ್ಕೂಲು ನಮ್ ಕ್ಯಾಂಪಸ್ ಪಕ್ಕದಲ್ಲೇ ಇರೋದು, ನಾನು ಬರೋಕ್ ಮುಂಚೆ ಎಲ್ರೂ ಹೆದರ್ಸಿದ್ರು, ಆ ಕಡೆ ಹೋಗ್ಬೇಡ ಈ ಬಸ್ ಹತ್ಬೇಡ ಅಂತ. ಒಂದಿನಾನೂ ಏನೂ ಆಗಿಲ್ಲ ನಿಜ ಹೇಳ್ಬೇಕಂದ್ರೆ. ಜೇನ್ ಫಿಂಚ್ ಮಾಲ್‌ಲ್ಲಿ ತರಕಾರಿ ಸಖತ್ ಚೀಪು.

ಬ್ರಾಂಪ್ಟನ್_ಬಸಣ್ಣ
ಚೇತನ್ ತಮ್ಮಾ, ನಾ ಇಲ್ಲಿಗೆ ಬಂದು ಬಾಳ ವರ್ಷ ಆತು, ಆ ಟೈಮಿನ್ಯಾಗ ಫಿಂಚ್ ಮ್ಯಾಲ ಒಂದು ಫ್ಯಾಕ್ಟರ್ಯಾಗ ನೈಟ್ ಶಿಫ್ಟ್ ಇದ್ದೆ. ನೀ ಬರೇ ಒಂದು ಕೇಸ್ ನೋಡಬ್ಯಾಡ. 2005ಕ್ಕ 'ಸಮ್ಮರ್ ಆಫ್ ದಿ ಗನ್' ಅಂತ ಪೇಪರ್‌ನ್ಯಾಗ ಬರೀತಿದ್ರು, ಆ ವರ್ಷ ಟೊರೊಂಟೊದಾಗ ಗುಂಡಿಗೇ 52 ಮಂದಿ ಹೋದ್ರು. ಅದೇ ವರ್ಷ ಬಾಕ್ಸಿಂಗ್ ಡೇ (ಡಿಸೆಂಬರ್ 26) ದಿನ ಯಂಗ್ ಸ್ಟ್ರೀಟ್‌ನ್ಯಾಗ, ಊರ ನಡುವ, ಶಾಪಿಂಗ್ ಗದ್ದಲದಾಗ ಜೇನ್ ಕ್ರೆಬಾ ಅಂತ ಹುಡುಗಿ ಸತ್ತಳು. ಆಕಿಗೂ 15. ಆ ಕೇಸ್‌ನ್ಯಾಗ ಪೊಲೀಸ್ರು ಬೆನ್ನು ಹತ್ತಿ, ಫೋನ್ ಕದ್ದು ಕೇಳಿ, ಮಂದೀನ ಹಿಡದು ಕೆಲವರಿಗೆ ಶಿಕ್ಷಾ ಕೊಡಿಸಿದ್ರು.

ಎರಡೂ 15 ವರ್ಷದ ಹುಡುಗರ ಜೀವ. ಒಂದರಾಗ ಶಿಕ್ಷಾ ಆತು, ಒಂದರಾಗ ಇಲ್ಲ. ಫಿಂಚ್ ಕಡೆ ಮಂದಿ ಇದನ್ನ ಇನ್ನೂ ಮರ್ತಿಲ್ಲ. ನಿನ್ನ ಗಾಡ್ಯಾಗ ಕುಂತಿದ್ದ ಆಯಿನೂ ಅದನ್ನ ಹೇಳಿರಬೇಕು.

ಕಪ್ಪುಕೋಟು
ಚೇತನ್ ಅವ್ರೇ, ನಾನು ಊರಲ್ಲಿ ಕೋರ್ಟ್ ಪ್ರಾಕ್ಟೀಸ್ ಮಾಡ್ತಿದ್ದೆ, ಈಗ ಇಲ್ಲಿ ಪ್ಯಾರಾಲೀಗಲ್. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಯಾಕಂದ್ರೆ ಅದು ಬಹಳ ಜನಕ್ಕೆ ಗೊತ್ತಿಲ್ಲ. ಸ್ಟ್ಯಾಟಿಸ್ಟಿಕ್ಸ್ ಕೆನಡಾದವ್ರು 'ಕ್ಲಿಯರ್ಡ್' ಅಂತ ಲೆಕ್ಕ ಹಾಕೋದು ಚಾರ್ಜ್ ಹಾಕಿದ ಕೂಡ್ಲೇ. ಆಮೇಲೆ ಕೋರ್ಟಲ್ಲಿ ನಿಲ್ತೋ ಬಿತ್ತೋ ಅದು ಆ ಕಾಲಮ್ಮಿಗೆ ಬರಲ್ಲ. ಅಂದ್ರೆ ಇಬ್ಬರನ್ನ ಹಿಡಿದು ಚಾರ್ಜ್ ಹಾಕಿದ ದಿನವೇ ಪೊಲೀಸ್ ಪುಸ್ತಕದಲ್ಲಿ ಈ ಕೇಸ್ ಬಗೆಹರಿದ ಹಾಗೆ. ಶಿಕ್ಷೆ ಆಗಿಲ್ಲ, ಯಾರು ಹೊಡೆದಿದ್ದು ಅಂತ ಯಾವ ಕೋರ್ಟೂ ಹೇಳಿಲ್ಲ, ಆದ್ರೂ 'ಕ್ಲಿಯರ್ಡ್'. ಹಾಗಾಗಿ ಯಾರಾದ್ರೂ ಬಂದು ಇಷ್ಟು ಪರ್ಸೆಂಟ್ ಕೊಲೆ ಕೇಸ್ ಸಾಲ್ವ್ ಆಗಿದೆ ಅಂದ್ರೆ ನಾನು ಮೊದಲು ಕೇಳೋದು, ಯಾರ ಲೆಕ್ಕದಲ್ಲಿ ಸ್ವಾಮಿ ಅಂತ.

ಇನ್ನೊಂದು ಎಚ್ಚರಿಕೆ, ಇಲ್ಲಿ ಬರೆಯೋರೆಲ್ರಿಗೂ. ಆ ಇಬ್ಬರು ನಿರ್ದೋಷಿಗಳು ಅಂತ ತೀರ್ಪಾಗಿದೆ. ಆಗ ಅವ್ರು ಮೈನರ್, ಹೆಸರು ಹಾಕೋದು ಯೂತ್ ಕ್ರಿಮಿನಲ್ ಜಸ್ಟಿಸ್ ಆಕ್ಟ್ ಪ್ರಕಾರ ಅಪರಾಧ. ಅವ್ರೇ ಮಾಡಿದ್ದು ತಪ್ಪಿಸ್ಕೊಂಡ್ರು ಅಂತ ಯಾರೂ ಬರೀಬೇಡಿ.

ಅಡ್ಮಿನ್
ಮೇಲಿನದ್ದು ಎಲ್ಲರೂ ಓದಿ. ಹೆಸರು ಹಾಕಿದ್ರೆ ಕಾಮೆಂಟ್ ಡಿಲೀಟ್ ಆಗುತ್ತೆ.

ಅನಾಮಿಕ_416
ಇಷ್ಟೆಲ್ಲ ಸುತ್ತಿ ಬಳಸಿ ಮಾತಾಡೋದ್ಯಾಕೆ, ಆ ಏರಿಯಾ ಜನ ಇರೋದೇ ಹಾಗೆ. ಅವ್ರ ಮಕ್ಕಳನ್ನ ಅವ್ರೇ ಕೊಂದ್ಕೊಳ್ತಾರೆ, ಪೊಲೀಸ್ ಬಂದ್ರೆ ಬಾಗಿಲು ಹಾಕ್ಕೊಳ್ತಾರೆ, ಆಮೇಲೆ ನ್ಯಾಯ ಬೇಕು ಅಂತ ಬೀದಿಗೆ ಬರ್ತಾರೆ. ನಾವು ಇಮಿಗ್ರೆಂಟ್ಸ್ ಅಲ್ವಾ, ನಮ್ಮ ಮಕ್ಕಳು ಮಾಡ್ತಾರಾ?

ಬ್ರಾಂಪ್ಟನ್_ಬಸಣ್ಣ
ಹೌದೇನ್ರೀ? ಬ್ರಾಂಪ್ಟನ್‌ನ್ಯಾಗ ಸ್ವಲ್ಪ ದಿನ ಇದ್ದು ನೋಡ್ರಿ, ಯಾರ ಮಕ್ಕಳು ಏನು ಮಾಡ್ತಾರ ಗೊತ್ತಾಗ್ತದ. ನಮ್ಮ ದೇಸಿ ಅಂಗಡಿಯವರಿಗೆ ರೊಕ್ಕ ಕೊಡು ಇಲ್ಲಾಂದ್ರ ಗುಂಡು ಹಾಕ್ತೀವಿ ಅಂತ ಫೋನ್ ಬರೂದು ಜಮೈಕಾದವರಿಂದ ಅಲ್ಲ. ಆ ಫೋನ್ ಬಂದ ಅಂಗಡಿಯವ್ರು ಎಷ್ಟು ಮಂದಿ ಪೊಲೀಸರ ಹಂತ್ಯಾಕ ಹೋಗ್ಯಾರ, ಎಷ್ಟು ಮಂದಿ ಬಾಯಿ ಮುಚಗೊಂಡು ಕುಂತಾರ, ಅದನ್ನ ಕೇಳ್ರಿ ಮೊದ್ಲ. ಹೆದರಿಕಿಗೆ ಜಾತಿ ಗೀತಿ ಇಲ್ಲ.

ಸುಮಾ_ಟೀಚರ್
ಬಸಣ್ಣ ಸರಿಯಾಗಿ ಹೇಳಿದ್ರಿ.

ನಾನು ಸುಮಾರು ವರ್ಷ ಈ ಕಡೆ ಸ್ಕೂಲ್‌ಗಳಲ್ಲಿ ಸಪ್ಲೈ ಟೀಚರ್ ಆಗಿ, ಅಂದ್ರೆ ರಜೆ ಹಾಕಿದ ಟೀಚರ್ ಬದಲಿಗೆ ಹೋಗೋರಾಗಿ, ಕೆಲಸ ಮಾಡಿದೀನಿ (ಜೆಫ್ರೀಸ್‌ನಲ್ಲಿ ಅಲ್ಲ). ಚೇತನ್, ನೀವು ಕೇಳಿದ ಮೊದಲನೇ ಪ್ರಶ್ನೆ, ಒಬ್ರಿಗೂ ಗೊತ್ತಿಲ್ವಾ ಅನ್ನೋದು, ಅದನ್ನ ಆಗ ಟೊರೊಂಟೊ ಸ್ಕೂಲ್ ಬೋರ್ಡೇ ಕೇಳಿತ್ತು. ಜೂಲಿಯನ್ ಫಾಲ್ಕನರ್ ಅನ್ನೋ ವಕೀಲರ ನೇತೃತ್ವದಲ್ಲಿ ಒಂದು ಪ್ಯಾನೆಲ್ ಮಾಡಿದ್ರು, 2008ರ ಜನವರಿಲಿ ರಿಪೋರ್ಟ್ ಬಂತು, ನಾಲ್ಕು ಸಂಪುಟ, 126 ಶಿಫಾರಸು. ನಾನು ಅದನ್ನ ಬಿ.ಎಡ್ ಮಾಡುವಾಗ ಓದಿದ್ದು. ಗ್ಯಾಂಗ್ ಬಗ್ಗೆ ಇರುತ್ತೆ ಅಂದ್ಕೊಂಡು ತೆಗೆದ್ರೆ ಅದರಲ್ಲಿ ಹೆಚ್ಚು ಇರೋದು ದೊಡ್ಡವ್ರ ಬಗ್ಗೆ.

ಜೋರ್ಡನ್ ಸಾಯೋಕ್ಕಿಂತ ಹಿಂದಿನ ವರ್ಷ ಅದೇ ಸ್ಕೂಲಿನ ವಾಶ್‌ರೂಮಲ್ಲಿ ಒಬ್ಬ ಮುಸ್ಲಿಂ ಹುಡುಗಿ ಮೇಲೆ ಲೈಂಗಿಕ ದೌರ್ಜನ್ಯ ಆಗಿತ್ತು, ಸ್ಕೂಲಿನವ್ರು ಪೊಲೀಸ್‌ಗೆ ತಿಳಿಸಿರ್ಲಿಲ್ಲ. ಟೀಚರ್‌ಗಳು ಮೇಲಿನವ್ರಿಗೆ ಹೆದರಿ ಬಾಯಿ ಬಿಡ್ತಿರ್ಲಿಲ್ಲ, ಮೇಲಿನವ್ರು ಸ್ಕೂಲಿನ ಹೆಸರು ಕೆಡುತ್ತೆ ಅಂತ ಬಾಯಿ ಬಿಡ್ತಿರ್ಲಿಲ್ಲ, ಮಕ್ಕಳು ಇಬ್ರನ್ನೂ ನೋಡ್ಕೊಂಡು ಕಲಿತ್ರು. ಮಕ್ಕಳಲ್ಲಿ ಮೌನದ ಕಲ್ಚರ್ ಇದೆ ಅಂತ ರಿಪೋರ್ಟ್ ಹೇಳುತ್ತೆ, ಅದರ ಪಕ್ಕದಲ್ಲೇ ಸ್ಟಾಫ್‌ನಲ್ಲಿ ಭಯದ ಕಲ್ಚರ್ ಇದೆ ಅಂತಾನೂ ಹೇಳುತ್ತೆ. ಪೇಪರ್‌ನವ್ರು ಮೊದಲನೇದನ್ನ ಮಾತ್ರ ಹಿಡ್ಕೊಂಡ್ರು. ಗನ್ ಮೂಸೋ ನಾಯಿ ತರಬಹುದು ಅಂತ ಒಂದು ಶಿಫಾರಸು ಇತ್ತು, ಅದೊಂದೇ ವಾರಗಟ್ಟಲೆ ಟಿವಿಲಿ.

ಇದನ್ನ ಬಿಟ್ಟು 15-16ರ ಮಕ್ಕಳು ಯಾಕೆ ಬಾಯಿ ಬಿಡಲ್ಲ ಅಂತ ಕೇಳೋದು ನನಗೆ ಸರಿ ಅನ್ಸಲ್ಲ.

ಮಂಡ್ಯಹೈದ
ಮೇಡಮ್ ಆದ್ರೆ ಅದು ಬೇರೆ ಇದು ಬೇರೆ ಅಲ್ವಾ, ಪ್ರಿನ್ಸಿಪಾಲ್ ಹೇಳದೇ ಇದ್ರೂ ಗುಂಡು ಹೊಡೆದೋನನ್ನ ನೋಡಿದ ಹುಡುಗ ಹೇಳ್ಬೇಕಲ್ವಾ

ಸುಮಾ_ಟೀಚರ್
ಹೇಳ್ಬೇಕಪ್ಪ. ಯಾರಿಗೆ ಹೇಳ್ಬೇಕು? ಅದನ್ನ ಹೇಳು.

ಒಂದ್ಸಲ ನಾನಿದ್ದ ಕ್ಲಾಸಲ್ಲಿ ಲಾಕ್‌ಡೌನ್ ಆಯ್ತು, ಡ್ರಿಲ್ ಅಲ್ಲ ನಿಜವಾದ್ದು. (ಒಂಟಾರಿಯೊದಲ್ಲಿ ವರ್ಷಕ್ಕೆ ಎರಡು ಸಲ ಡ್ರಿಲ್ ಇರುತ್ತೆ. ಬಿಲ್ಡಿಂಗ್ ಹೊರಗೆ ಏನೋ ಆಗಿದ್ರೆ 'ಹೋಲ್ಡ್ ಅಂಡ್ ಸೆಕ್ಯೂರ್' ಅಂತಾರೆ, ಆಗ ಹೊರಬಾಗಿಲು ಹಾಕಿ ಪಾಠ ಮಾಡ್ತಾ ಇರಬಹುದು. ಒಳಗೇ ಆಗಿದ್ರೆ ಲಾಕ್‌ಡೌನ್.) ಬಾಗಿಲ ಆಚೆ ಇಣುಕಿ ಕಾರಿಡಾರಲ್ಲಿ ಯಾರಾದ್ರೂ ಮಕ್ಕಳಿದ್ರೆ ಒಳಗೆ ಎಳ್ಕೊಂಡು ಬೀಗ ಹಾಕ್ಬೇಕು, ಲೈಟ್ ಆಫ್, ಬಾಗಿಲಿನ ಗಾಜಿಗೆ ಪೇಪರ್, ಎಲ್ರೂ ಬಾಗಿಲಿಂದ ಕಾಣದ ಗೋಡೆಗೆ ಒತ್ಕೊಂಡು ನೆಲದ ಮೇಲೆ, ಫೋನ್ ಸೈಲೆಂಟ್. ಫೈರ್ ಅಲಾರ್ಮ್ ಹೊಡೆದ್ರೂ ತಕ್ಷಣ ಎದ್ದು ಓಡಬಾರ್ದು. ನಾನು ಕತ್ತಲಲ್ಲಿ ತಲೆ ಎಣಿಸ್ತಾ ಇದ್ದೆ. ಸಪ್ಲೈ ಟೀಚರ್ ನೋಡಿ, ಹೆಸರು ಗೊತ್ತಿಲ್ಲ ಒಬ್ರದ್ದೂ. ನನ್ನ ಪಕ್ಕ ಕೂತಿದ್ದ ಹುಡುಗಿ ಫೋನ್ ಬೆಳಕನ್ನ ಅಂಗೈಲಿ ಮುಚ್ಕೊಂಡು ಗ್ರೂಪ್ ಚಾಟ್ ಓದ್ತಾ ಇದ್ಳು. ಏನಾಗಿದೆ, ಯಾವ ಫ್ಲೋರ್, ಯಾರ ಜೊತೆ ಯಾರ ಜಗಳ, ಚಾಕು ಯಾರ ಹತ್ರ ಇತ್ತು, ಎಲ್ಲ ಅದರಲ್ಲಿ ಬಂದಾಗಿತ್ತು. ಪೊಲೀಸ್ ಇನ್ನೂ ಒಳಗೇ ಬಂದಿರ್ಲಿಲ್ಲ. ನಾನು ಓದಿದ್ದು ನೋಡಿ ಆ ಹುಡುಗಿ ಫೋನ್ ತೊಡೆ ಕೆಳಗೆ ಇಟ್ಕೊಂಡು "ಮಿಸ್, ಪ್ಲೀಸ್" ಅಂದ್ಳು. ಅಷ್ಟೇ.

ಆಮೇಲೆ ಆಫೀಸಲ್ಲಿ ಏನು ನೋಡಿದ್ರಿ ಅಂತ ಒಂದು ಫಾರ್ಮ್ ಕೊಟ್ರು. ನಾನು ಕ್ಲಾಸ್ ಒಳಗಿದ್ದೆ, ಏನೂ ನೋಡಿಲ್ಲ ಅಂತ ಬರೆದೆ. ಅದು ಸುಳ್ಳೂ ಅಲ್ಲ.

ಕುಡ್ಲ_ಕಿಟ್ಟಿ
ಸುಮಕ್ಕ ನಿಮ್ಮ ಮಾತು ಓದಿ ಒಂಥರಾ ಆಯ್ತು ಮಾರಾಯ್ರೆ.

ನಾನೊಂದು ಪಾಯಿಂಟ್ ಸೇರಿಸ್ತೇನೆ. ಈ ಹುಡುಗ ಸತ್ತು ಮೂರೇ ವಾರಕ್ಕೆ, 2007 ಜೂನ್‌ನಲ್ಲಿ, ಪೊಲೀಸರು ಪ್ರಾಜೆಕ್ಟ್ ಕ್ರಿಪ್ಟಿಕ್ ಅಂತ ದೊಡ್ಡ ರೇಡ್ ಮಾಡಿದ್ರು, ಡ್ರಿಫ್ಟ್‌ವುಡ್ ಕ್ರಿಪ್ಸ್ ಗ್ಯಾಂಗಿನ ಮೇಲೆ, ಅದೂ ಜೇನ್ ಫಿಂಚಲ್ಲೇ. ರೇಡ್ ಬೇಡ ಅಂತ ನಾನು ಹೇಳೂದಿಲ್ಲ. ಆದ್ರೆ ಎಂತ ಆಗ್ತದೆ ಅಂದ್ರೆ ಬೆಳಗಿನ ಜಾವ ಬಾಗಿಲು ಒಡ್ದು ಬಂದವರೇ ಮರುದಿನ ನೋಟ್‌ಬುಕ್ ಹಿಡ್ಕೊಂಡು ಆ ಹುಡುಗನ ವಿಷಯ ಎಂತಾದ್ರೂ ಗೊತ್ತುಂಟಾ ಕೇಳ್ಲಿಕ್ಕೆ ಬಂದ್ರೆ ಯಾರು ಹೇಳ್ತಾರೆ? ಅದರ ಮೇಲೆ ಕಾರ್ಡಿಂಗ್. ರಸ್ತೇಲಿ ಸುಮ್ನೆ ನಡ್ಕೊಂಡು ಹೋಗುವ ಕಪ್ಪು ಹುಡುಗರನ್ನ ನಿಲ್ಸಿ ಹೆಸರು, ಜೊತೆಗಿದ್ದವ್ರು ಯಾರು, ಎಲ್ಲ ಕಾರ್ಡಲ್ಲಿ ಬರ್ದು ಡೇಟಾಬೇಸ್‌ಗೆ ಹಾಕೂದು. ಟೊರೊಂಟೊ ಸ್ಟಾರ್ ಪತ್ರಿಕೆ ಆ ಡೇಟಾ ತೆಗ್ದು ಬರ್ದಾದ ಮೇಲೆ ಗಲಾಟೆ ಆಗಿ, 2017ರ ಜನವರಿಯಿಂದ ಪ್ರಾಂತ ಸರ್ಕಾರ ರೂಲ್ಸ್ ತಂದು ಕಡಿವಾಣ ಹಾಕಿತು. ನಮ್ಮೂರಿನ ರೌಡಿ ಶೀಟ್ ಆದ್ರೂ ಎಂತಾದ್ರೂ ಕೇಸ್ ಆದ ಮೇಲೆ ಓಪನ್ ಮಾಡೂದು ಅಲ್ವಾ (ಹೆಚ್ಚಾಗಿ!), ಇದಕ್ಕೆ ಎಂತದೂ ಬೇಡ, ನಡ್ಕೊಂಡು ಹೋಗ್ತಿದ್ರೆ ಸಾಕು.

ಅನಾಮಿಕ_416
ಸರಿ ಪೊಲೀಸ್ ಕೆಟ್ಟವ್ರು, ಸ್ಕೂಲ್ ಕೆಟ್ಟದ್ದು, ಎಲ್ರೂ ಕೆಟ್ಟವ್ರು. ಹುಡುಗನ್ನ ಕೊಂದವ್ನ ಬಗ್ಗೆ ಮಾತ್ರ ಯಾರೂ ಮಾತಾಡ್ತಿಲ್ಲ. ಆಗ ಸ್ಕೂಲ್‌ಗಳಿಗೆ ಪೊಲೀಸ್ ಹಾಕಿದ್ರಲ್ಲ, ಅದನ್ನೂ ತೆಗೆಸಿದ್ದು ಇಂಥ ಮಾತಾಡೋ ಜನಾನೇ.

ಸುಮಾ_ಟೀಚರ್
ಹಾಕಿದ್ದು ನಿಜ, ಸ್ಕೂಲ್ ರಿಸೋರ್ಸ್ ಆಫೀಸರ್ ಅಂತ 2008ರಿಂದ ಶುರು. ಟಿಡಿಎಸ್‌ಬಿ (ಟೊರೊಂಟೊ ಸ್ಕೂಲ್ ಬೋರ್ಡ್) 2017ರ ನವೆಂಬರ್‌ನಲ್ಲಿ ವೋಟ್ ಹಾಕಿ ನಿಲ್ಲಿಸ್ತು. ಈಗ 2025ರಲ್ಲಿ ಪ್ರಾಂತ ಸರ್ಕಾರ ತಂದ ಬಿಲ್ 33 ಮೂಲಕ ಅದನ್ನೇ ವಾಪಸ್ ತರ್ತಾ ಇದಾರೆ. ನನ್ನ ಜೊತೆ ಕೆಲಸ ಮಾಡೋರಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ಕೆಲವು ಆಫೀಸರ್‌ಗಳು ಮಕ್ಕಳ ಜೊತೆ ಬ್ಯಾಸ್ಕೆಟ್‌ಬಾಲ್ ಆಡ್ಕೊಂಡು ಚೆನ್ನಾಗೇ ಇದ್ರಂತೆ. ಆದ್ರೆ ಸಣ್ಣ ತಳ್ಳಾಟಕ್ಕೂ ಪೊಲೀಸ್ ರೆಕಾರ್ಡ್ ಆಗೋದು ಯಾವ ಬಣ್ಣದ ಮಕ್ಕಳಿಗೆ ಅಂತ ನೋಡಿದ್ರೆ ಉತ್ತರ ಗೊತ್ತಾಗುತ್ತೆ. ಅದಕ್ಕೂ ಮೊದಲು ಸೇಫ್ ಸ್ಕೂಲ್ಸ್ ಆಕ್ಟ್ ಇತ್ತು, 2000ದ್ದು, 'ಝೀರೋ ಟಾಲರೆನ್ಸ್', ಗಲಾಟೆ ಮಾಡಿದೋರನ್ನ ಸಸ್ಪೆಂಡ್ ಮಾಡಿ ಬೀದಿಗೆ ಕಳಿಸೋದು. ಬೀದಿಲಿ ಯಾರು ಕಾಯ್ತಾ ಇದ್ರು? 2008ರ ಫೆಬ್ರವರಿಲಿ ಅದನ್ನ ಬದಲಾಯಿಸಿದ್ರು, ಹಂತ ಹಂತವಾಗಿ ಶಿಸ್ತು ಅನ್ನೋ ಕಾನೂನು ಬಂತು.

ಜೋರ್ಡನ್ ಸತ್ತ ಮೇಲೆ ಸರ್ಕಾರ ಇನ್ನೊಂದು ಸಮಿತಿ ಮಾಡಿತ್ತು, ಹಳೇ ಚೀಫ್ ಜಸ್ಟಿಸ್ ರಾಯ್ ಮೆಕ್‌ಮರ್ಟ್ರಿ ಮತ್ತೆ ಹಳೇ ಸ್ಪೀಕರ್ ಆಲ್ವಿನ್ ಕರ್ಲಿಂಗ್. 2008 ನವೆಂಬರ್‌ನಲ್ಲಿ ಅವರದ್ದೂ ಬಂತು, ಯುವಜನರ ಹಿಂಸೆಯ ಬೇರು ಎಲ್ಲಿದೆ ಅಂತ. ಬಡತನ, ರೇಸಿಸಂ, ಮನೆಗಳ ಸ್ಥಿತಿ, ಮಾನಸಿಕ ಆರೋಗ್ಯ. ಪುಟಗಟ್ಟಲೆ. ಆ ಹುಡುಗನ ಹೆಸರಲ್ಲಿ ಬಂದ ಕಾಗದ ಒಂದು ಕಪಾಟು ತುಂಬುತ್ತೆ, ಕೊಂದವ್ರ ಹೆಸರು ಇರೋ ಒಂದು ಹಾಳೆ ಇಲ್ಲ.

ಚೇತನ್_ಕಡೂರು
ತುಂಬಾ ಥ್ಯಾಂಕ್ಸ್ ಸುಮಾ ಮೇಡಮ್, ಇಷ್ಟೆಲ್ಲ ಇದೆ ಅಂತ ಗೊತ್ತಿರ್ಲಿಲ್ಲ.

ಕಪ್ಪುಕೋಟು ಸರ್, ಒಂದು ಡೌಟು. ಊರಲ್ಲಿ ಸಾಕ್ಷಿಗಳು ಉಲ್ಟಾ ಹೊಡೆಯೋದು ಕಾಮನ್, ಪೊಲೀಸ್ ಮುಂದೆ ಒಂದು ಹೇಳಿ ಕೋರ್ಟಲ್ಲಿ ಗೊತ್ತೇ ಇಲ್ಲ ಸ್ವಾಮಿ ಅಂತಾರೆ. ಇಲ್ಲೂ ಹಾಗೇನಾ? ಇಲ್ಲಿ ವಿಡಿಯೋ ಎಲ್ಲ ಮಾಡ್ಕೊಳ್ತಾರಲ್ಲ.

ಕಪ್ಪುಕೋಟು
ಮನುಷ್ಯರು ಎಲ್ಲಾ ಕಡೆ ಒಂದೇ ಚೇತನ್ ಅವ್ರೇ. ಕಾನೂನು ಮಾತ್ರ ಬೇರೆ. ಸ್ವಲ್ಪ ಉದ್ದ ಬರೀತೀನಿ, ಆಗಲ್ಲ ಅನ್ನೋರು ಸ್ಕ್ರಾಲ್ ಮಾಡ್ಕೊಂಡು ಹೋಗಿ.

ನಮ್ಮಲ್ಲಿ ಪೊಲೀಸ್ ಮುಂದೆ ಕೊಟ್ಟ ಹೇಳಿಕೆಗೆ, ಹಳೇ ಸಿಆರ್‌ಪಿಸಿ ಸೆಕ್ಷನ್ 161, ಸಹಿ ಕೂಡ ಹಾಕ್ಸಲ್ಲ, ಕೋರ್ಟಲ್ಲಿ ಅದಕ್ಕೆ ಸಾಕ್ಷ್ಯದ ಬೆಲೆ ಇಲ್ಲ, ಉಲ್ಟಾ ಹೊಡೆದೋನನ್ನ ಅಡ್ಡ ಪ್ರಶ್ನೆ ಮಾಡೋಕೆ ಮಾತ್ರ ಉಪಯೋಗ. ಗಟ್ಟಿ ಆಗ್ಬೇಕಂದ್ರೆ ಮ್ಯಾಜಿಸ್ಟ್ರೇಟ್ ಮುಂದೆ 164 ಮಾಡಿಸ್ಬೇಕು, ಅದಾದ್ರೂ ಅದೊಂದರ ಮೇಲೇ ಶಿಕ್ಷೆ ಆಗಲ್ಲ. (ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಈಗ ಅವು 180, 183.) ಕೆನಡಾದಲ್ಲಿ 1993ರಲ್ಲಿ ಒಂದು ತೀರ್ಪು ಬಂತು, ಆರೋಪಿ ಮೈನರ್ ಆದ್ದರಿಂದ ಬರೀ ಇನಿಶಿಯಲ್ಸ್, ಕೆ.ಜಿ.ಬಿ. ಅದೂ ಹುಡುಗರ ಜಗಳದಲ್ಲಿ ಚಾಕು ಹಾಕಿದ ಕೊಲೆ. ಜೊತೆಗಿದ್ದ ಮೂರು ಫ್ರೆಂಡ್ಸು ಪೊಲೀಸ್ ವಿಡಿಯೋದಲ್ಲಿ ಅವನೇ ಮಾಡಿದ್ದು ಅಂತ ಹೇಳಿದಾನೆ ಅಂದ್ರು, ಟ್ರಯಲ್‌ಗೆ ಬಂದು ಸುಳ್ಳು ಹೇಳಿದ್ವಿ ಅಂದ್ಬಿಟ್ರು, ಆರೋಪಿ ಖುಲಾಸೆ. ಸುಪ್ರೀಂ ಕೋರ್ಟ್ ಏನು ಹೇಳ್ತು ಅಂದ್ರೆ, ಪ್ರಮಾಣ ಮಾಡಿಸಿ, ಸುಳ್ಳಾದ್ರೆ ಶಿಕ್ಷೆ ಅಂತ ಎಚ್ಚರಿಸಿ, ಪೂರ್ತಿ ವಿಡಿಯೋ ಮಾಡಿದ್ರೆ, ಸಾಕ್ಷಿ ಕೋರ್ಟಲ್ಲಿ ಅಡ್ಡ ಪ್ರಶ್ನೆಗೆ ಸಿಗೋ ಹಾಗಿದ್ರೆ, ಆ ಹಳೇ ಹೇಳಿಕೇನೇ ಸಾಕ್ಷ್ಯವಾಗಿ ತಗೋಬಹುದು ಅಂತ. ಇಲ್ಲಿನ ಪೊಲೀಸ್ರು ಇವತ್ತಿಗೂ "ಕೆಜಿಬಿ ತಗೊಂಡ್ಯಾ?" ಅಂತಾನೇ ಕೇಳ್ತಾರೆ.

ಪೇಪರ್ ಮೇಲೆ ಚೆನ್ನಾಗಿದೆ. ಆದ್ರೆ ಜ್ಯೂರಿ ಬಾಕ್ಸಲ್ಲಿ ಕೂತವ್ರ ಮುಂದೆ ಏನು ನಡೆಯುತ್ತೆ ನೋಡಿ. ಟಿವಿಲಿ ಒಂದು ಮಗು ಪೊಲೀಸ್ ರೂಮಿನ ಕುರ್ಚಿಲಿ ಕಾಲು ಮಡಚ್ಕೊಂಡು ಕೂತು ಹೇಳ್ತಾ ಇರುತ್ತೆ. ಕಟಕಟೆಯಲ್ಲಿ ಅದೇ ಮಗು ಮೂರ್ನಾಲ್ಕು ವರ್ಷ ದೊಡ್ಡದಾಗಿ ನಿಂತು, ನೆನಪಿಲ್ಲ, ಅದು ನಾನು ಹೇಳಿದ್ದಲ್ಲ ಪೊಲೀಸ್ ಹೇಳಿಸಿದ್ದು ಅನ್ನುತ್ತೆ. ಯಾವುದನ್ನ ನಂಬೋದು? 12 ಜನರೂ ಒಂದೇ ಮಾತು ಹೇಳ್ಬೇಕು, ಸಂಶಯಕ್ಕೆ ಜಾಗ ಇರಬಾರ್ದು. ಇಂಥ ಗ್ಯಾಂಗ್ ಏರಿಯಾ ಕೇಸ್‌ಗಳು ಬೀಳೋದು ಹೀಗೇ. ಜ್ಯೂರಿದು ತಪ್ಪು ಅಂತ ನಾನು ಹೇಳಲ್ಲ, ಆ ವಿಡಿಯೋ ಒಂದರ ಮೇಲೆ ಒಬ್ಬ ಹುಡುಗನ್ನ ಒಳಗೆ ಹಾಕೋಕೆ ನನಗೂ ಕೈ ಬರಲ್ಲ.

ಇನ್ನೊಂದು ಇದಕ್ಕಿಂತ ಮುಖ್ಯ. 1991ರ ಸ್ಟಿಂಚ್‌ಕೂಂಬ್ ತೀರ್ಪಿನ ಪ್ರಕಾರ ಸರ್ಕಾರಿ ವಕೀಲರು ತಮ್ಮ ಹತ್ರ ಇರೋ ಎಲ್ಲಾ ಹೇಳಿಕೆಗಳನ್ನ ಆರೋಪಿ ಕಡೆಗೆ ಕೊಡಲೇಬೇಕು. ನ್ಯಾಯವಾದದ್ದೇ, ಇಲ್ಲಾಂದ್ರೆ ಅಮಾಯಕರು ಒಳಗೆ ಹೋಗ್ತಾರೆ. ಆದ್ರೆ ಅರ್ಥ ಏನು? ನೀವು ಬಾಯಿ ಬಿಟ್ಟ ಕೆಲವು ತಿಂಗಳಲ್ಲಿ ನಿಮ್ಮ ಹೆಸರು, ನೀವು ಹೇಳಿದ ಒಂದೊಂದು ಮಾತು, ಆರೋಪಿ ಟೇಬಲ್ ಮೇಲೆ ಇರುತ್ತೆ. ಮೈನರ್ ಸಾಕ್ಷಿ ಹೆಸರು ಪೇಪರ್‌ನಲ್ಲಿ ಹಾಕೋ ಹಾಗಿಲ್ಲ, ಅದೇನೋ ಸರಿ. ಅದು ನನ್ನಿಂದ ನಿಮ್ಮಿಂದ ಮುಚ್ಚಿಡುತ್ತೆ. ಗೊತ್ತಾಗಬಾರದವ್ರಿಗೆ ಮೊದಲೇ ಗೊತ್ತಿರುತ್ತೆ.

ಮಂಡ್ಯಹೈದ
ಸರ್ ಕ್ರೈಮ್ ಸ್ಟಾಪರ್ಸ್ ಇದ್ಯಲ್ಲ, ಅನಾನಿಮಸ್ ಆಗಿ ಫೋನ್ ಮಾಡಿದ್ರೆ ಆಯ್ತಲ್ವಾ. ದುಡ್ಡೂ ಕೊಡ್ತಾರೆ.

ಕಪ್ಪುಕೋಟು
ಅದು ಪೊಲೀಸ್‌ಗೆ ದಾರಿ ತೋರ್ಸೋಕೆ ಮಾತ್ರ ಮಗಾ. ಫೋನ್ ಮಾಡಿದೋರು ಯಾರು ಅಂತ ಕೋರ್ಟೂ ಕೇಳೋ ಹಾಗಿಲ್ಲ, ಅಷ್ಟು ಗಟ್ಟಿ ರಕ್ಷಣೆ ಇದೆ, ಅದೇ ಕಾರಣಕ್ಕೆ ಅದು ಸಾಕ್ಷ್ಯ ಆಗಲ್ಲ. ಯಾರು ಮಾಡಿದ್ದು ಅಂತ ನೂರು ಜನ ಫೋನ್ ಮಾಡಿ ಹೇಳಿದ್ರೂ ಕಟಕಟೆಗೆ ಬಂದು ನಿಲ್ಲೋಕೆ ಒಬ್ರು ಬೇಕು. ಗನ್ ಸಿಕ್ಕಿ, ಬೇರೆ ಕೇಸಿನ ಗುಂಡಿಗೆ ಮ್ಯಾಚ್ ಆದ್ರೆ ಅದೊಂದು ಬೇರೆ ದಾರಿ, ಆರ್‌ಸಿಎಂಪಿ (ಕೆನಡಾದ ಫೆಡರಲ್ ಪೊಲೀಸ್) ನಡೆಸೋ ಬ್ಯಾಲಿಸ್ಟಿಕ್ಸ್ ನೆಟ್‌ವರ್ಕ್ ಇದೆ. ಆದ್ರೆ ಅದು ಯಾವ ಗನ್ ಅಂತ ಹೇಳುತ್ತೆ, ಯಾರ ಕೈಯಲ್ಲಿತ್ತು ಅಂತ ಹೇಳಲ್ಲ. ಒಂದೇ ಗನ್ ಹತ್ತು ಕೈ ಬದಲಾಯಿಸಿರುತ್ತೆ.

ಕುಡ್ಲ_ಕಿಟ್ಟಿ
ವಿಟ್ನೆಸ್ ಪ್ರೊಟೆಕ್ಷನ್ ಅಂತ ಉಂಟಲ್ಲ, ಸಿನಿಮಾದಲ್ಲಿ ಊರು ಬದಲಿಸಿ ಹೊಸ ಹೆಸರು ಕೊಡ್ತಾರೆ

ಕಪ್ಪುಕೋಟು
ಉಂಟು. 1996ರ ಕಾನೂನು, ಆರ್‌ಸಿಎಂಪಿ ನಡೆಸುತ್ತೆ. ಅದಕ್ಕೆ ಸೇರೋದಂದ್ರೆ 15ರ ಹುಡುಗಿ ಜೊತೆ ಅವಳಮ್ಮ, ಅಜ್ಜಿ, ತಮ್ಮ ಎಲ್ಲ ಮನೆ, ಕೆಲಸ, ಚರ್ಚು, ಫೋನ್ ನಂಬರ್ ಬಿಟ್ಟು ಹೋಗ್ಬೇಕು. ಸರ್ಕಾರಿ ಬಾಡಿಗೆ ಮನೆಲಿರೋ ಕುಟುಂಬಕ್ಕೆ ಬರೀ ಪಕ್ಕದ ಏರಿಯಾಗೆ ಟ್ರಾನ್ಸ್‌ಫರ್ ತಗೊಳೋಕೇ ವರ್ಷಗಟ್ಟಲೆ ಕಾಯ್ಬೇಕು. ನಮ್ಮ ದೇಶದಲ್ಲೂ 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣೆ ಸ್ಕೀಮ್‌ಗೆ ಒಪ್ಪಿಗೆ ಕೊಟ್ಟಿದೆ, ತಾಲೂಕು ಕೋರ್ಟಲ್ಲಿ ಅದನ್ನ ಕೇಳಿ ನೋಡಿ, ಶಿರಸ್ತೇದಾರ್ರು ನಕ್ಕು ಕಳಿಸ್ತಾರೆ.

ಅನಾಮಿಕ_416
ನಾನು ಒಂದು ನೇರ ಪ್ರಶ್ನೆ ಕೇಳ್ತೀನಿ ಚೇತನ್ ಅವ್ರೇ, ಬೇಜಾರ್ ಮಾಡ್ಕೋಬೇಡಿ. ಯಾರಿಗೂ ಗೊತ್ತಿಲ್ವಾ ಅಂತ ಶುರು ಮಾಡಿದ್ದು ನೀವು. ಆವತ್ತು ಆ ಕಾರಿಡಾರಲ್ಲಿ ನಿಮ್ಮ ಮಗಳು ಇದ್ದಿದ್ರೆ, ನೋಡಿದ್ರೆ, ಕೋರ್ಟಿಗೆ ಕಳಿಸ್ತಿದ್ರಾ?

ಬ್ರಾಂಪ್ಟನ್_ಬಸಣ್ಣ
ಇದು ಕೇಳೂವಂಥ ಮಾತೇನ್ರೀ

ಅನಾಮಿಕ_416
ಯಾಕೆ ಕೇಳಬಾರ್ದು ಬಸಣ್ಣ, ನೀವೇ ಹೇಳಿದ್ರಲ್ಲ ಹೆದರಿಕೆಗೆ ಜಾತಿ ಇಲ್ಲ ಅಂತ. ನಾನು ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ, ನಾನು ಕಳಿಸ್ತಿರ್ಲಿಲ್ಲ. ರಾತ್ರೋರಾತ್ರಿ ಕ್ಯಾಲ್ಗರಿಗೆ ಮನೆ ಬದಲಾಯಿಸ್ತಿದ್ದೆ.

ಸುಮಾ_ಟೀಚರ್
ಹಾಗಿದ್ರೆ ಆ ಏರಿಯಾ ಜನ ಹಾಗೆ ಅಂತ ಬರೆದಿದ್ರಲ್ಲ ಮೇಲೆ. ಅವ್ರಿಗೂ ನಿಮಗೂ ಇರೋ ವ್ಯತ್ಯಾಸ ಕ್ಯಾಲ್ಗರಿಗೆ ಹೋಗೋಕೆ ದುಡ್ಡು ಮಾತ್ರ.

ಚೇತನ್_ಕಡೂರು
ಇದನ್ನ ನಿನ್ನೆ ರಾತ್ರಿ ಹೆಂಡ್ತಿ ಹತ್ರ ಕೇಳಿದೆ. ಮಾತು ಮುಗಿಯೋಕ್ ಮುಂಚೆ ಬೇಡ ಅಂದ್ಲು. ಮಗಳು ಅಲ್ಲೇ ಕೂತು ಹೋಮ್‌ವರ್ಕ್ ಮಾಡ್ತಿದ್ಲು, ಅವ್ಳು ತಲೆ ಎತ್ತಿ ಆ ಹುಡುಗನ ಅಮ್ಮ ಏನು ಮಾಡ್ತಾರೆ ಹಾಗಿದ್ರೆ ಅಂತ ಕೇಳಿದ್ಲು. ನಮ್ಮಿಬ್ರ ಹತ್ರಾನೂ ಉತ್ತರ ಇರ್ಲಿಲ್ಲ, ಊಟಕ್ಕೆ ಏಳು ಅಂದ್ಲು ಅವ್ರಮ್ಮ. ಇನ್ನೂ ಅದೇ ಕೂತಿದೆ ತಲೇಲಿ. ನಾನು ಕಳಿಸ್ತೀನಿ ಅಂತ ಇಲ್ಲಿ ಬರೆದು ದೊಡ್ಡ ಮನುಷ್ಯ ಆಗಬಹುದು, ಆದ್ರೆ ಗೊತ್ತಿಲ್ಲ ನಿಜವಾಗ್ಲೂ. ಕಪ್ಪುಕೋಟು ಸರ್, ಸುಮ್ನೆ ತಿಳ್ಕೊಳಕ್ಕೆ, ಅಂಥ ಸ್ಥಿತಿ ಬಂದ್ರೆ ಮಗು ಜೊತೆ ಅಪ್ಪ ಅಮ್ಮ ಕೂರಬಹುದಾ? ಆರೋಪಿ ಎದುರಿಗೇ ನಿಲ್ಲಬೇಕಾ?

ಕಪ್ಪುಕೋಟು
ಒಳ್ಳೆ ಪ್ರಶ್ನೆ. ಸಾಮಾನ್ಯವಾಗಿ ಹೇಳ್ತೀನಿ, ನಿಜವಾಗಿ ಬೇಕಾದಾಗ ಕ್ರಿಮಿನಲ್ ವಕೀಲರನ್ನೇ ಕೇಳಿ.

18ರ ಒಳಗಿನ ಸಾಕ್ಷಿ ಆದ್ರೆ ಕ್ರಿಮಿನಲ್ ಕೋಡ್ 486.1ರಲ್ಲಿ ಪಕ್ಕದಲ್ಲಿ ಕೂರೋಕೆ ಒಬ್ರು ಧೈರ್ಯಕ್ಕೆ ಬೇಕು ಅಂತ ಕೇಳಬಹುದು, 486.2ರಲ್ಲಿ ಆರೋಪಿ ಕಾಣದ ಹಾಗೆ ಪರದೆ ಹಿಂದೆ ಅಥವಾ ಬೇರೆ ರೂಮಿಂದ ಸಿಸಿಟಿವಿಲಿ ಹೇಳಬಹುದು. ಕೇಳಿದ್ರೆ ಕೋರ್ಟ್ ಸಾಮಾನ್ಯವಾಗಿ ಕೊಡಲೇಬೇಕು, ನ್ಯಾಯ ನಡೆಯೋದಕ್ಕೇ ತೊಂದರೆ ಅನ್ನಿಸಿದ್ರೆ ಮಾತ್ರ ಇಲ್ಲ ಅನ್ನಬಹುದು. 715.1 ಅಂತ ಇದೆ, ಘಟನೆ ಆದ ಸ್ವಲ್ಪ ದಿನದಲ್ಲೇ ಮಾಡಿದ ವಿಡಿಯೋವನ್ನೇ ಸಾಕ್ಷ್ಯವಾಗಿ ಹಾಕೋದು, ಆದ್ರೆ ಮಗು ಕೋರ್ಟಲ್ಲಿ ಹೌದು ನಾನು ಹೇಳಿದ್ದು ಇದೇ ಅಂತ ಒಪ್ಕೋಬೇಕು, ಅಡ್ಡ ಪ್ರಶ್ನೆಗೂ ಸಿಗಬೇಕು. ಅಪ್ಪ ಅಮ್ಮಂದ್ರೂ ಸಾಕ್ಷಿ ಆಗಿದ್ರೆ ಅವ್ರು ಪಕ್ಕ ಕೂರೋದು ಕಷ್ಟ, ಬೇರೆಯವ್ರನ್ನ ಹುಡುಕ್ಬೇಕು. ಪೊಲೀಸ್ ಸ್ಟೇಷನ್‌ಗೆ ಹೇಳಿಕೆ ಕೊಡೋಕೆ ಹೋಗೋಕೆ ಮುಂಚೆ ವಕೀಲರ ಹತ್ರ ಮಾತಾಡಿದ್ರೆ ತಪ್ಪಿಲ್ಲ, ಸಾಕ್ಷಿಗೆ ವಕೀಲ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ತಲೆ ಕೆಡಿಸ್ಕೋಬೇಡಿ. ಇದ್ಯಾವುದೂ ಆರೋಪಿಗೆ ಹೆಸರು ಗೊತ್ತಾಗೋದನ್ನ ತಪ್ಪಿಸಲ್ಲ, ಅದನ್ನ ಮೊದಲೇ ಹೇಳಿದೀನಿ.

ಮಂಡ್ಯಹೈದ
ಸರ್ ಲಾಸ್ಟ್ ಒಂದು. ಈಗ ಯಾರಾದ್ರೂ ಬಂದು ನಾನು ನೋಡಿದ್ದೆ ಅಂತ ಹೇಳಿದ್ರೆ ಕೇಸ್ ಮತ್ತೆ ಓಪನ್ ಆಗುತ್ತಾ? ಇಷ್ಟು ವರ್ಷ ಆಯ್ತಲ್ಲ, ಅವತ್ತು 15 ಇದ್ದೋರಿಗೆಲ್ಲ ಈಗ ಮಕ್ಕಳಿರುತ್ತೆ

ಕಪ್ಪುಕೋಟು
ಕೊಲೆಗೆ ಟೈಮ್ ಲಿಮಿಟ್ ಇಲ್ಲ. ಖುಲಾಸೆ ಆದವ್ರ ಮೇಲೆ ಅದೇ ಕೇಸ್ ಮತ್ತೆ ಹಾಕೋಕಾಗಲ್ಲ, ಕೆನಡಾ ಸಂವಿಧಾನದ ಹಕ್ಕುಗಳ ಚಾರ್ಟರ್‌ನ 11ನೇ ಸೆಕ್ಷನ್ ಅದಕ್ಕೆ ಅಡ್ಡ ಇದೆ. ಬೇರೆ ಯಾರದ್ದಾದ್ರೂ ಹೆಸರು ಬಂದ್ರೆ ಚಾರ್ಜ್ ಹಾಕಬಹುದು, ಇವತ್ತೂ ಹಾಕಬಹುದು. ಆಗ ಮೈನರ್ ಆಗಿದ್ರೆ ಈಗ 35 ಆಗಿದ್ರೂ ಯೂತ್ ಕೋರ್ಟಲ್ಲೇ ಶುರು ಆಗುತ್ತೆ.

ಬ್ರಾಂಪ್ಟನ್_ಬಸಣ್ಣ
ಚೇತನ್ ತಮ್ಮಾ, ಮಗಳ ಸ್ಕೂಲ್ ವಿಷಯಕ್ಕ ಬಾ. ಏರಿಯಾ ಹೆಸರು ನೋಡಿ ಹೆದರಬ್ಯಾಡ. 2022ರ ಫೆಬ್ರವರಿಯೊಳಗ ಸ್ಕೂಲ್ ಒಳಗ 18ರ ಹುಡುಗನ ಮ್ಯಾಲ ಗುಂಡು ಹಾರಿದ್ದು ಸ್ಕಾರ್ಬರೋದಾಗ, ಹಿಡದದ್ದು 14 ವರ್ಷದ ಹುಡುಗನ್ನ. ಜೇನ್ ಫಿಂಚ್ ಅಲ್ಲ ಅದು. ಸ್ಕೂಲಿಗೆ ಹೋಗಿ ಪ್ರಿನ್ಸಿಪಾಲರನ್ನ ನೋಡು, ಹೋದ ವರ್ಷ ಎಷ್ಟು ಸಲ ಲಾಕ್‌ಡೌನ್ ಆತು, ಆದ ಮ್ಯಾಲ ಮನಿಗೆ ಪತ್ರ ಕಳಿಸಿದ್ರ್ಯೋ ಇಲ್ಲೋ ಅಂತ ಕೇಳು. ನೆಟ್ಟಗ ಉತ್ತರ ಕೊಟ್ರ ಆ ಸ್ಕೂಲ್ ಚಲೋ ಅದ. ಹೆಸರು ಕೆಡ್ತದ ಅಂತ ಮಾತು ಹಾರಿಸಿದ್ರ ಬ್ಯಾರೆ ನೋಡು.

ಸುಮಾ_ಟೀಚರ್
ಇದು ನಿಜವಾಗ್ಲೂ ಒಳ್ಳೇ ಸಲಹೆ. ಸ್ಕೂಲ್ ಕೌನ್ಸಿಲ್ ಮೀಟಿಂಗ್‌ಗೂ ಹೋಗಿ ಚೇತನ್, ಯಾವ ಪೇರೆಂಟ್ ಬೇಕಾದ್ರೂ ಬರಬಹುದು, ನಮ್ಮವ್ರು ಯಾರೂ ಬರಲ್ಲ. ಸೆಪ್ಟೆಂಬರ್‌ನಲ್ಲಿ ಮೊದಲ ಮೀಟಿಂಗ್ ಇರುತ್ತೆ, ಡೇಟ್ ಸ್ಕೂಲ್ ವೆಬ್‌ಸೈಟಲ್ಲಿ ಹಾಕ್ತಾರೆ.

ಚೇತನ್_ಕಡೂರು
ಆಯ್ತು ಮೇಡಮ್, ಹೋಗ್ತೀನಿ. ಆವತ್ತು ಗಾಡಿ ಆಫ್ ಇಡ್ತೀನಿ.